ತಟ್ಟೆ ಕಾಣುವಷ್ಟು ಆಳ

ಮಾರ್ಚ್ 4, ಮಧ್ಯಾಹ್ನ
ಸೀಗಡಿ ಕೊಳ. ಆಕ್ಸಿಜನ್ ಐದು, ಉಪ್ಪಿನಂಶ ಹದಿನೆಂಟು — ಮೀಟರ್‌ಗಳದ್ದೇನೂ ತಕರಾರಿಲ್ಲ. ನೀರಿನ ತಿಳಿ ಅಳೆಯುವ ಕಪ್ಪು-ಬಿಳಿ ತಟ್ಟೆಯನ್ನು ಹಗ್ಗದಲ್ಲಿ ಇಳಿಸಿದೆ. ಇಪ್ಪತ್ತೆಂಟು ಸೆಂಟಿಮೀಟರಿಗೇ ಮಾಯ. ಹೋದ ವಾರ ಮೂವತ್ತೈದರವರೆಗೂ ಕಾಣುತ್ತಿತ್ತು. ನೀರು ಮಂದವಾಗುತ್ತಿದೆ. ಮೇವು ಹೆಚ್ಚಾಯಿತೇನೋ. ಹಾಕುವವಳು ನನ್ನ ಹೆಂಡತಿ, ಹೇಳಿದರೆ ಎಗರಿಬೀಳುತ್ತಾಳೆ.

ಮಾರ್ಚ್ 9
ಇಪ್ಪತ್ತನಾಲ್ಕು. ಹೇಳಿದೆ. ಎಗರಿಬಿದ್ದಳು.
"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ!"
ಈ ಕೋಣೆಯ ಬಲ್ಬ್ ಮಂಕಾಗಿದೆ. ಬದಲಾಯಿಸಬೇಕು.

ಮಾರ್ಚ್ 15
ಇಪ್ಪತ್ತು. ಮೇವು ಅರ್ಧ ಮಾಡಿಸಿದರೂ ಹೀಗೆ. ಮೀಟರ್ ಮಾತ್ರ ಐದು ಅನ್ನುತ್ತಲೇ ಇದೆ. ಅದಕ್ಕೇನು ಕಣ್ಣಿದೆಯೇ? ತೂಬು ತೆರೆದು ಹೊಸ ನೀರು ಬಿಡದೆ ಗತಿಯಿಲ್ಲ. ಆದರೆ ಪಕ್ಕದ ಕೊಳಗಳಲ್ಲಿ ರೋಗ, ಕಾಲುವೆಯಲ್ಲಿರುವುದು ಅದೇ ನೀರು. ಒಳಗೆ ಬಂದರೆ ಮರಿಗಳೆಲ್ಲ ಸಾಯಬಹುದು. ಬಿಡದಿದ್ದರೆ ಉಸಿರುಕಟ್ಟಿ... ಅತ್ತ ದರಿ, ಇತ್ತ ಪುಲಿ. ನಾಳೆ ಕಡಲು ಉಕ್ಕುವ ಭರತದ ಹೊತ್ತಿಗೆ ತೆರೆಯುತ್ತೇನೆ. ಭಯವಾಗುತ್ತಿದೆ.

ಮಾರ್ಚ್ 16
ತೂಬಿನ ಹಲಗೆಗೆ ಕೈ ಹಾಕಿದ್ದೆ. ಇವಳು ಬಂದು ತಾನೇ ತಟ್ಟೆ ಇಳಿಸಿದಳು.
"ಕಾಣ್ತಿದೆ... ಕಾಣ್ತಿದೆ... ಹಾಂ, ಈಗ ಹೋಯ್ತು."
ಹಗ್ಗದ ಅಳತೆಗಂಟುಗಳನ್ನು ಬೆರಳಲ್ಲಿ ಎಣಿಸಿದೆ. ಮೂವತ್ತೆಂಟು. ಸುಳ್ಳು ಅಂದೆ.
"ಒಂದು ಕಣ್ಣು ಮುಚ್ಚಿ ನನ್ನನ್ನ ನೋಡಿ."
ಎಡಗಣ್ಣು ಮುಚ್ಚಿದೆ. ಇವಳಿದ್ದ ಜಾಗದಲ್ಲಿ ಬರೀ ಮಂಜು. ಇನ್ನೊಂದು ಕಣ್ಣೂ ಅಷ್ಟಕ್ಕಷ್ಟೆ.
"ಪೊರೆ ಬಂದಿರೋದು ನಿಮ್ಮ ಕಣ್ಣಿಗೆ. ಬೈದಿದ್ದು ನನ್ನ ಮೇವನ್ನ!"
ತೂಬು ಮುಚ್ಚಿಯೇ ಇದೆ.

ಮಾರ್ಚ್ 19
ಡಾಕ್ಟರು ಆಪರೇಷನ್ ಬಲಗಣ್ಣಿಗೆ ಮೊದಲು ಅಂದರು. ಅಲ್ಲಿಯವರೆಗೆ ಇವಳು ಕೂಗುವುದು, ನಾನು ಬರೆದುಕೊಳ್ಳುವುದು. ದಿನವೂ ಹಂಗಿಸುತ್ತಾಳೆ.
"ಯಜಮಾನ್ರೆ, ಇದು ತಟ್ಟೆ. ಇದು ನಾನು."

ಏಪ್ರಿಲ್ 11, ಸಂಜೆ
ಆಪರೇಷನ್ ಆದಮೇಲೆ ಮೊದಲ ಸಲ ಕೊಳಕ್ಕೆ. ಬಗ್ಗಬಾರದಂತೆ, ಹಗ್ಗ ಇವಳೇ ಹಿಡಿದಳು. ಬಿಳಿ ಎಷ್ಟೊಂದು ಬಿಳಿ! ಮರಿಗಳು ಬೆರಳುದ್ದ ಆಗಿವೆ. ಕಣ್ಣು ತುಂಬಿ ಬಂತು.
"ಹೋಯ್ತು. ಮೂವತ್ತಾರು, ಬರ್ಕೊಳ್ಳಿ."
ನನಗಿನ್ನೂ ಕಾಣುತ್ತಿತ್ತು.
"ಇನ್ನೊಂಚೂರು ಬಿಡು."
"ಕಾಣದೇ ಇರೋದನ್ನ ಎಲ್ಲೀವರೆಗೆ ಬಿಡೋದು?"
ಆದರೂ ಬಿಟ್ಟಳು. ನಲವತ್ತು. ನಲವತ್ತನಾಲ್ಕು. ತಟ್ಟೆ ಅಲ್ಲೇ ಇತ್ತು, ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ. ಇಷ್ಟು ದಿನ ಹಂಗಿಸಿದ್ದಕ್ಕೆ ಬಡ್ಡಿ ಸಮೇತ ತೀರಿಸಬಹುದಿತ್ತು. ಆದರೆ ಮೂವತ್ತಾರೇ ಬರೆದುಕೊಂಡೆ.

ಈಗ ಅಡುಗೆಮನೆಯ ಬಲ್ಬ್ ಮಂಕು ಅಂತ ಗೊಣಗುತ್ತಿದ್ದಾಳೆ. ಮೊನ್ನೆ ತಾನೇ ಹೊಸದು ಹಾಕಿದ್ದೇನೆ. ಹೋಗಿ ಹೇಳಬೇಕು — ಒಂದು ಕಣ್ಣು ಮುಚ್ಚಿ ನನ್ನನ್ನು ನೋಡು.