ಶಹಾಬಾದಿನ ಖಣಿಯಲ್ಲಿ ನಾನು ಒದರುತ್ತಿದ್ದಾಗ

ಪ್ರೀತಿಯ ಚಾಚಾ,

ನೀವು ಹೋದಮೇಲೆ ನನ್ನ ಪ್ರಶ್ನೆಗಳಿಗೆ ಉತ್ತರ ಹೇಳುವವರೇ ಇಲ್ಲ. ಬರೆದಾದರೂ ಕೇಳೋಣವೆಂದು ಕೂತಿದ್ದೇನೆ. "ಎಷ್ಟ್ ಕೇಳ್ತಿ ಬೇಟಿ, ತಲಿ ತಿಂದಿ" ಎಂದು ಅಲ್ಲಿಂದಲೇ ಬೈಯಿರಿ.

ವಾಡಿ ಸ್ಟೇಷನ್ನಿನಲ್ಲಿ ಗುರುತಿಲ್ಲದ ನಮ್ಮನ್ನು ಕಂಡ ದಿನ ನಿಮಗೇನನ್ನಿಸಿತು? ರಂಗೂನಿನ ಮೇಲೆ ಬಾಂಬು ಬಿದ್ದು ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ಹಡಗು ಹತ್ತಿದ್ದೆವು. ಅಜ್ಜ ಹುಟ್ಟಿದ ಸೇಡಂನಲ್ಲಿ ನಮ್ಮವರು ಯಾರೂ ಸಿಗದೆ, ವಾಡಿಗೆ ಮರಳಿ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದೆವು. "ಊಟ ಆಗ್ಯಾದೇನವಾ ತಂಗಿ?" ಎಂದಿರಿ, ಅಷ್ಟೇ. ಆಮೇಲೆ ಶಹಾಬಾದಿನ ನಿಮ್ಮ ಮನೆ. ನೆಲಕ್ಕೂ ಕಲ್ಲು, ಮಾಳಿಗೆಗೂ ಕಲ್ಲು! ಕಟ್ಟಿಗೆಯ ಮನೆಯಲ್ಲಿ ಬೆಳೆದ ನಾನು, ಇದು ಬೀಳದೆ ಹೇಗೆ ನಿಂತಿದೆ ಎಂದು ತಲೆಯೆತ್ತಿ ನೋಡಿದ್ದೇ ನೋಡಿದ್ದು.

ಮರುದಿನ ಮಧ್ಯಾಹ್ನ ಖಣಿಯಲ್ಲಿ ಢಮ್ಮೆಂದು ಸುರಂಗ ಹಾರಿತು. ಕಲ್ಲಿಗೆ ಮದ್ದು ತುಂಬಿ ಸಿಡಿಸುವುದೇ ನಿಮ್ಮ ಕೆಲಸವೆಂದು ನನಗೇನು ಗೊತ್ತು? ಮತ್ತೆ ಬಾಂಬೇ ಬಿತ್ತೆಂದು ಹೊರಸಿನ ಕೆಳಗೆ ಹೊಕ್ಕವಳು ಸಂಜೆಯವರೆಗೂ ಹೊರಬರಲಿಲ್ಲ. ದಿನವೂ ಇದೇ ಪಾಡು. "ಈ ಹುಡುಗಿ ಇಲ್ಲಿ ಉಳಿಯಂಗಿಲ್ಲ, ನಾವು ಹೋಗ್ತೀವಿ" ಎಂದು ಅವ್ವ ಗಂಟು ಕಟ್ಟಿದಳು. ಹೋಗುವುದಾದರೂ ಎಲ್ಲಿಗೆ...

ಆಗ ನೀವು ಕೈಹಿಡಿದು ನನ್ನನ್ನು ಖಣಿಗೆ ಕರೆದೊಯ್ದಿರಿ. ದೂರದಲ್ಲೊಂದು ಗೋಡೆಯ ಹಿಂದೆ ನಿಲ್ಲಿಸಿ, "ಇಲ್ಲಿ ಒದರಿ ಹೇಳಿದ ಮ್ಯಾಲೇ ಸುರಂಗ ಹಾರ್ತದ. ಇವತ್ತ ನೀನೇ ಒದರು" ಎಂದಿರಿ. "ದೂರ ಸರೀರೋ!" ಎಂದು ಕಣ್ಣುಮುಚ್ಚಿ ಒದರಿದೆ. ಹೇಳಿ ಬರುವ ಸದ್ದಿಗೆ ಅಷ್ಟು ಹೆದರಿಕೆಯಾಗುವುದಿಲ್ಲ ಎಂದು ನಿಮಗೆ ಹೇಗೆ ತಿಳಿದಿತ್ತು? ಕಲ್ಲು ಹೇಗೆ ಸೀಳಿದೆ ನೋಡಬೇಕೆಂದು ಧೂಳು ಇಳಿಯುವ ಮೊದಲೇ ನಾನು ಹಟ ಹಿಡಿದೆ. ಅವ್ವ ಗಂಟು ಬಿಚ್ಚಿದಳು.

ಅಂದಿನಿಂದ ದಿನವೂ ನಾನೇ ಒದರಿದೆ. ನೀವು ಮಾತ್ರ "ಇನ್ನಾ ಜೋರ್ ಒದರು, ಕೇಳಸವಲ್ದು" ಎನ್ನುತ್ತಿದ್ದಿರಿ. ನನ್ನ ದನಿಯೇ ಸಣ್ಣದೆಂದುಕೊಂಡಿದ್ದೆ. ನಿಮ್ಮ ಹೆಸರಿನ ಫಾತಿಹಾ ಓದಿ ಮುಗಿದ ಮೇಲೆ ಚಾಚಿ ಹೇಳಿದರು: "ಅವರಿಗಿ ದೂರಿಂದು ಕಿವಿ ಕೇಳಸ್ತಿದ್ದಿಲ್ಲ ಬೇಟಿ. ಆಳುಗಳ ಮ್ಯಾಲಿನ ಮುಕಾದಮಗ ಗೊತ್ತಾದ್ರ ಕೆಲಸ ಹೋಗ್ತದ, ಖಣಿಯವರು ಕೊಟ್ಟ ಈ ಮನೀನೂ ಹೋಗ್ತದ. ತಾಯಿ-ಮಗಳು ಮತ್ತ ಬೀದಿಗಿ ಬೀಳ್ತಾರ ಅಂತ ಯಾರ ಮುಂದೂ ಬಾಯಿ ಬಿಡಲಿಲ್ಲ."

ಚಾಚಾ, ಭಾಳ ಅತ್ತೆ. ಆದರೂ ಒಂದು ಪ್ರಶ್ನೆ ಉಳಿಯಿತಲ್ಲ. ನನ್ನ ಕೂಗು ಕೇಳಿಸದಿದ್ದರೆ, ಎಲ್ಲರೂ ಸರಿದರೆಂದು ನಿಮಗೆ ತಿಳಿಯುತ್ತಿದ್ದದ್ದು ಹೇಗೆ? ಖಣಿಗೇ ಹೋಗಿ ಕಲ್ಲು ಹೊರುವ ಶರಣವ್ವನನ್ನು ಕೇಳಿದೆ. ನೀವು ಕೇಳದೇ ಹೋದ ಸುದ್ದಿ ಅವಳ ಬಾಯಲ್ಲೇ ಇರಲಿ:

"ಎಲ್ಲರಿಗೂ ಗೊತ್ತಿತ್ತವಾ. ನೀ ಗ್ವಾಡಿ ಹಿಂದಿದ್ದಿ, ನೋಡಿಲ್ಲ. ನೀ ಒದರಿದ ಕೂಡ್ಲೆ, ಅವರಿಗಿ ಕಾಣ್ಲಿ ಅಂತ ನಾವೆಲ್ಲಾ ಕೈ ಎತ್ತತಿದ್ದಿವಿ. ಮುಕಾದಮ ಎಲ್ಲರಕಿಂತ ಮೊದಲು ಎತ್ತತಿದ್ದ."