ಬೆರಳು ಮುಟ್ಟಿಸದ ಅನ್ನ

ಸೆಂತಾರುಮ್ ಸರೋವರ, ಮಂಗಳವಾರ

ಅಕ್ಕಾ,

ನನ್ನ ಜ್ವರ ಬಿಟ್ಟಿದೆ, ಚಿಂತೆ ಬೇಡ. ತಲೆಮಾರುಗಳಿಂದ ಈ ಸರೋವರದಲ್ಲೇ ಬಾಳಿದ ಇಬಾನರಾದ ನಮಗೆ ಮೊಸಳೆಗಳ ನಡುವೆ ಬಾಳುವುದನ್ನು ಕಲಿಸಲು ರಾಷ್ಟ್ರೀಯ ಉದ್ಯಾನದವರು ಜಕಾರ್ತದಿಂದ ವಿರ್ಯವಾನ್ ಎಂಬ ಮಹಾಶಯನನ್ನು ಕಳಿಸಿದ್ದಾರೆ. ಹೋದ ವಾರ ಅವನು ನಮ್ಮ ಉದ್ದಮನೆಯಿಂದ ಹೊರಟಾಗ ಅತ್ತೆ ಅನ್ನದ ತಟ್ಟೆ ಹಿಡಿದು, "ತಿನ್ನದಿದ್ರೆ ಬೇಡ, ಒಂದು ಬೆರಳಾದ್ರೂ ಮುಟ್ಟಿಸಿ ಹೋಗಪ್ಪ. ಇಲ್ದಿದ್ರೆ ಮೊಸಳೆ ಹಿಡಿಯುತ್ತೆ" ಎಂದರು.

"ಇಂಥ ಮೂಢನಂಬಿಕೆ ಬಿಡಿ ಅಜ್ಜಿ" ಎಂದು ನಕ್ಕವನು ಮನೆಯ ಏಣಿಯಿಂದ ಜಾರಿ ಕೆಳಗಿನ ನೀರಿಗೆ ಬಿದ್ದ. ಎದುರು ದಡದ ಮೊಸಳೆ ಕಣ್ಣು ಕೂಡ ತೆರೆಯಲಿಲ್ಲ. ಅದಕ್ಕೂ ನಾಲಿಗೆ ರುಚಿ ಇದೆ.

ಈಗಲೂ ದಿನಾ ಬಂದು ಮೂಢನಂಬಿಕೆಯ ಮೇಲೆ ಭಾಷಣ ಬಿಗಿಯುತ್ತಾನೆ. ಹೊರಡುವಾಗ ಮಾತ್ರ ಯಾರೂ ನೋಡುತ್ತಿಲ್ಲವೆಂದುಕೊಂಡು ಹಂದಿಗಳ ಕಲಗಚ್ಚಿನ ಬಾನಿಗೂ ಬೆರಳು ಮುಟ್ಟಿಸಿ ಹೋಗುತ್ತಾನೆ.

ದೋಣಿಯವನು ಕೂಗುತ್ತಿದ್ದಾನೆ,
ತುಯಾ