ಡಿಗ್ರಿ ಇಲ್ಲದವರ ಯೋಜನೆಗೆ ಡಿಗ್ರಿ ಕೇಳುವ ಸಾಹೇಬರಿಗೆ

ಮಾನ್ಯ ಅಧಿಕಾರಿಗಳೇ,

ಪದವಿ ಇಲ್ಲದವರಿಗೆಂದೇ ತಾವು ತಂದ ಸ್ವಂತ ಉದ್ಯೋಗದ ಯೋಜನೆಯಲ್ಲಿ ನನ್ನ ಮಗಳ ಅರ್ಜಿಯನ್ನು ತಮ್ಮ ಕಚೇರಿ ತಿರಸ್ಕರಿಸಿದೆ. ಕಾರಣ, ಅವಳಿಗೆ ಪದವಿ ಇಲ್ಲ. ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ ಓದುವವರು ಇದನ್ನು ಅಚ್ಚಿನ ತಪ್ಪೆಂದುಕೊಳ್ಳಬಾರದು. ನಿಜವಾಗಿಯೂ ಕಾರಣ ಅದೇ.

ಕಳೆದ ವರ್ಷ ಸಾಗರದ ಕಾಲೇಜೊಂದರಲ್ಲಿ ತಾವು ಮಾಡಿದ ಭಾಷಣವನ್ನು ನಾನೂ ಕೇಳಿದ್ದೇನೆ. ಅಂದಿನ ಉಪ್ಪಿಟ್ಟು, ಕೇಸರಿಬಾತು ನಮ್ಮದೇ. ಡಿಗ್ರಿ ಎಂಬುದು ಗೋಡೆಗೆ ನೇತುಹಾಕುವ ಕಾಗದ ಎಂದಿರಿ. ಲಿಫ್ಟ್ ರಿಪೇರಿಯವರು, ಹಿಟಾಚಿ ಓಡಿಸುವವರು, ಮದುವೆ ಅಡುಗೆಯವರು ಎಂಜಿನಿಯರುಗಳಿಗಿಂತ ಹೆಚ್ಚು ದುಡಿಯುತ್ತಾರೆ ಎಂದಿರಿ. ಪಿಯುಸಿಯಲ್ಲಿದ್ದ ನನ್ನ ಮಗಳು ಸಿಂಚನಾ ಎದ್ದು ನಿಂತು, ಅಪ್ಪನ ಅಡುಗೆ ಕಸುಬಿಗೇ ಸೇರುತ್ತೇನೆ ಎಂದಾಗ ವೇದಿಕೆಗೆ ಕರೆದು ಶಾಲು ಹೊದಿಸಿದಿರಿ. ಮನೆಗೆ ಬಂದವಳೇ, “ಅಪ್ಪಯ್ಯ, ಯಂಗೆ ಡಿಗ್ರಿ ಬ್ಯಾಡ. ನಿನ್ನ ಜೊತಿಗೇ ಬತ್ತೆ” ಎಂದಳು. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ನನ್ನ ಹೆಂಡತಿ ಶರಾವತಿ ಮಾತ್ರ, “ಸಾಹೇಬ್ರ ಮಕ್ಕ ಎಂತ ಓದ್ತಾ ಇದ್ದ, ಅದ್ನ ಕೇಳಿದ್ರಾ?” ಎಂದಳು. ನಾನು ಕೇಳಿರಲಿಲ್ಲ.

ಈಗ ಸಿಂಚನಾ ತನ್ನದೇ ತಂಡ ಕಟ್ಟಲು ಹೊರಟಿದ್ದಾಳೆ. ಒಲೆ, ಪಾತ್ರೆಗಳಿಗೆ ನೆರವು ಕೇಳಿ ತಮ್ಮ ಕಚೇರಿಗೆ ಹೋದಳು. ಅಲ್ಲಿನ ಗುಮಾಸ್ತ ಭೂತಪ್ಪನವರು ಒಳ್ಳೆಯವರು. “ಡಿಗ್ರಿ ಇಲ್ದೋರಿಗೇ ಸ್ಕೀಮು ಅಂತ ನಮ್ಗೂ ಗೊತ್ತು ಕಣಮ್ಮ. ಆದ್ರೆ ಡಿಗ್ರಿ ನಂಬರ್ ಹಾಕ್ದೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ಯಾವ್ದಾದ್ರೂ ಒಂದು ಬಿ.ಎ. ಮಾಡ್ಕಂಡು ಬಾ” ಎಂದು ಸಮಾಧಾನ ಹೇಳಿ ಕಳಿಸಿದರು. ಸ್ವಾಮೀ, ತಮ್ಮ ಭಾಷಣವನ್ನು ತಮ್ಮ ಕಂಪ್ಯೂಟರೇ ಕೇಳಿಲ್ಲವೇ? ಮೂರು ವರ್ಷ ಓದಿ ಪದವಿ ಪಡೆದು, ಆಮೇಲೆ ಪದವಿ ಇಲ್ಲದವರ ಸಾಲಿನಲ್ಲಿ ನಿಲ್ಲಬೇಕೇ? ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಬದನೆಕಾಯಿಯ ಬಗ್ಗೆ ನನ್ನ ತಕರಾರಿಲ್ಲ, ಅದನ್ನು ಬೇಯಿಸುವವನೇ ನಾನು. ಆದರೆ ತಮ್ಮ ಮಾತು ನಂಬಿದ ಹುಡುಗಿ ಅತ್ತ ಕಾಲೇಜೂ ಇಲ್ಲ, ಇತ್ತ ಕಸುಬಿಗೆ ಆಸರೆಯೂ ಇಲ್ಲ ಎಂದು ನಿಂತಿದ್ದಾಳೆ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಇನ್ನು ಮೊನ್ನೆಯ ತಮ್ಮ ಫೋನಿನ ವಿಷಯ. ತೀರ್ಥಹಳ್ಳಿಯಲ್ಲಿ ತಮ್ಮ ಮಗಳ ಮದುವೆ. ನಮ್ಮ ಕಡೆ ತಿಳಿದವರು ಮೊದಲು ಅಡುಗೆಯವರ ಬಿಡುವು ಕೇಳಿಕೊಂಡು, ಆಮೇಲೆ ಜೋಯಿಸರ ಬಳಿ ಮುಹೂರ್ತ ಕೇಳುತ್ತಾರೆ. ತಾವು ಮುಹೂರ್ತ ಇಡಿಸಿ, ಕರೆಯೋಲೆ ಹಂಚಿ, ಕಡೆಗೆ ನನ್ನನ್ನು ಕೇಳಿದಿರಿ. ಆ ದಿನ ಹೊಸನಗರದಲ್ಲಿ ಬೇರೆ ಮದುವೆಗೆ ನಾನು ಮಾತು ಕೊಟ್ಟಾಗಿದೆ. “ನಿಮ್ಮ ಕೈಕೆಳಗೆ ಪಳಗಿದ ಯಾರನ್ನಾದ್ರೂ ಕಳಿಸಿ ಭಟ್ರೇ, ಮಾನ ಉಳಿಸಿ” ಎಂದಿರಿ. ಅವರ ಓದೆಷ್ಟು ಎಂದು ಕೇಳಲಿಲ್ಲ. ಹಾಗೆ ಪಳಗಿದವರಲ್ಲಿ ಬಿಡುವಿರುವವಳು ಸಿಂಚನಾ ಒಬ್ಬಳೇ.

ಹೋಗಬೇಡ ಎಂದೆ. “ಮದ್ವೆ ಊಟ ಅಲ್ದ ಅಪ್ಪಯ್ಯ, ಹಠ ಮಾಡಡ. ಆನು ಹೋಗ್ತೆ” ಎಂದಳು. ಬರುತ್ತಾಳೆ. ಅಡುಗೆಯೂ ಚೆನ್ನಾಗಿಯೇ ಆಗುತ್ತದೆ. ನನ್ನ ಬೇಡಿಕೆ ಇಷ್ಟೇ. ಮದುವೆಯೊಳಗೆ ಆ ಷರತ್ತನ್ನು ಕಿತ್ತುಹಾಕಿ, ಅವಳ ಅರ್ಜಿಯನ್ನು ಮಂಜೂರು ಮಾಡಿ. ಆಗದಿದ್ದರೆ, ಎರಡನೇ ಸಲ ಪಾಯಸ ಹಾಕಿಸಿಕೊಂಡು, ಕೈ ತೊಳೆದು, ನೇರ ಅಡುಗೆಮನೆಗೆ ಹೋಗಿ. ‘ನೀನು ಅನರ್ಹಳು’ ಎಂದು ಅವಳ ಮುಖ ನೋಡಿ ಹೇಳಿ.

ಇಂತಿ,
ತಮ್ಮ ಭಾಷಣಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ,
ಗಜಾನನ ಭಟ್ಟ, ಅಡುಗೆಯವರು
ಸಾಗರ ತಾಲ್ಲೂಕು